ಸೂಲಗಿತ್ತಿ ಪಗ್ಮಾ ಬಾಯಿ ಬಿಟ್ಟ ದಿನ

ಪಗ್ಮಾಳಿಗೆ ಮಂಗಳವಾರ ಅಂದರೆ ಆಗದು. ಮೂವತ್ತೊಂದು ವರ್ಷ ಸೂಲಗಿತ್ತಿಯಾಗಿ ದುಡಿದವಳಿಗೆ, ವಾರಕ್ಕೊಮ್ಮೆ ಮಧ್ಯಾಹ್ನ ಮೂರಕ್ಕೆ ಲಸಿಕೆ ಕೋಣೆಯ ಕಿಟಕಿಗೆ ಮೊಬೈಲು ಒರಗಿಸಿಟ್ಟು, ಮಗಳ ವಯಸ್ಸಿನವಳೊಬ್ಬಳಿಂದ ಪಾಠ ಹೇಳಿಸಿಕೊಳ್ಳುವ ಗತಿ ಬಂದಿತ್ತು. ಹಾರ್ ಬುಲಗ್ ಊರಿನ ಆಸ್ಪತ್ರೆಯಲ್ಲಿ ಸಿಗ್ನಲ್ ಸಿಗುವುದು ಆ ಕಿಟಕಿಯ ಹತ್ತಿರ ಮಾತ್ರ. ಮೊದಲ ವಾರ ಅವಳು ಮೊಬೈಲನ್ನು ತಲೆಕೆಳಗಾಗಿ ಇಟ್ಟಿದ್ದಳು. ಸರಿಮಾಡಿ ಅಂತ ಟೀಚರು ಹೇಳಿದಾಗ, ಮಗು ಬರುವುದೂ ತಲೆಕೆಳಗಾಗಿಯೇ, ನನಗೆ ಹೀಗೇ ರೂಢಿ ಅಂದಿದ್ದಳು. ಪರದೆಯ ಚೌಕಗಳಲ್ಲಿ ಕೂತಿದ್ದ ನಲವತ್ತು ಸೂಲಗಿತ್ತಿಯರೂ ನಕ್ಕರು. ಟೀಚರು ನಗಲಿಲ್ಲ. ಜಗಳ ಶುರುವಾದದ್ದು ಅಲ್ಲಿಂದ.

ಪಗ್ಮಾಳಿಗೆ ಐವತ್ತನಾಲ್ಕು. ಕುಳ್ಳಿ, ದಪ್ಪ ಮಣಿಕಟ್ಟು, ಏನನ್ನೂ ಬಿಟ್ಟುಕೊಡದ ಮುಖ. ಗಂಡ ಕುದುರೆಯಿಂದ ಬಿದ್ದು ಸತ್ತು ಹನ್ನೊಂದು ವರ್ಷವಾಗಿತ್ತು. ಇಬ್ಬರು ಗಂಡುಮಕ್ಕಳು ದೂರದ ಹುಲ್ಲುಗಾವಲಿನಲ್ಲಿ ಕುರಿ ಕಾಯುತ್ತಿದ್ದರು. ಆ ಸೀಮೆಯಲ್ಲಿ ಮಗುವಿನ ಹೊಕ್ಕುಳಬಳ್ಳಿ ಕತ್ತರಿಸಿದವಳಿಗೆ ಹೊಕ್ಕುಳತಾಯಿ ಅನ್ನುತ್ತಾರೆ. ಹೆತ್ತವಳಿಗೆ ಎಷ್ಟು ಮರ್ಯಾದೆಯೋ ಅವಳಿಗೂ ಅಷ್ಟೇ. ಊರಿನಲ್ಲಿ ಮೂವತ್ತರ ಒಳಗಿನವರೆಲ್ಲ ಹುಟ್ಟಿದೊಡನೆ ಮೊದಲು ನೋಡಿದ್ದು ಪಗ್ಮಾಳ ಮುಖವನ್ನು. ಬೈಕು ಹಿಡಿದು ದಂಡ ಹಾಕುವ ಪೊಲೀಸಿನವನೂ ಅವಳು ಎದುರಾದರೆ ಹಿರಿಯರೆದುರು ಮಾಡುವ ಹಾಗೆ ಮಡಚಿದ ಅಂಗಿಯ ತೋಳು ಇಳಿಸಿಕೊಂಡು ತಲೆ ಬಾಗುತ್ತಿದ್ದ. ಈ ಮರ್ಯಾದೆಯ ರುಚಿ ಅವಳಿಗೆ ಚೆನ್ನಾಗಿಯೇ ಹತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ಅವಳ ಕೆಲಸಕ್ಕೆ ಒಂದು ಕಟ್ಟಳೆಯಿತ್ತು. ಹೆರಿಗೆ ಕೋಣೆಯಲ್ಲಿ ಯಾರೂ ಕೆಟ್ಟ ಮಾತು ಆಡಕೂಡದು. ಅಲ್ಲಿನವರೆಲ್ಲ ಹಾಗೆಯೇ, ಕೆಟ್ಟದ್ದನ್ನು ಬಾಯಲ್ಲಿ ಹೇಳಿದರೆ ಅದು ಕರೆದಂತಾಗಿ ಬಂದೇಬಿಡುತ್ತದೆ ಎಂದು ನಂಬಿದವರು. ಮಕ್ಕಳು ಅಪ್ಪಿತಪ್ಪಿ ಸಾವು ಅಂದರೂ ದೊಡ್ಡವರು ಬಿಡ್ತು ಅನ್ನು ಎಂದು ಗದರುತ್ತಾರೆ. ಪಗ್ಮಾಳಿಗೆ ಇದು ಬರೀ ನಂಬಿಕೆಯಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಬ್ಬ ಡಾಕ್ಟರು ಬಾಣಂತಿಯ ತಲೆದೆಸೆಯಲ್ಲೇ ನಿಂತು, ಇವಳು ಉಳಿಯಲ್ಲ ಅಂದುಬಿಟ್ಟಿದ್ದ. ಆ ಹೆಂಗಸು ಕೇಳಿಸಿಕೊಂಡು ಮುಖ ಗೋಡೆಗೆ ತಿರುಗಿಸಿದಳು. ಸಂಜೆಯೊಳಗೆ ಹೋದಳು. ಅಂದಿನಿಂದ ಪಗ್ಮಾ ಕೆಲಸದ ವೇಳೆ ಬಾಯಿಗೆ ಬೀಗ ಹಾಕಿದಳು.

ಜೊತೆಗಿದ್ದ ನರ್ಸು ಯಂಜ್ಮಾಳಿಗೂ ಅವಳಿಗೂ ಬೆರಳೇ ಭಾಷೆ. ಒಂದು ಬೆರಳು ಎತ್ತಿದರೆ ಸೂಜಿಮದ್ದು, ಎರಡು ಎತ್ತಿದರೆ ಎರಡನೆಯ ಸೂಜಿಮದ್ದು, ಮುಷ್ಟಿ ತೋರಿಸಿದರೆ ಡ್ರೈವರನ್ನು ಕರೆ. ಇಪ್ಪತ್ತೆರಡು ವರ್ಷ ಯಂಜ್ಮಾ ಪಗ್ಮಾಳ ಮುಖದಿಂದ ಕಣ್ಣು ಕೀಳದೆ ನಿಂತಿದ್ದಳು. ಬೇಸಿಗೆಯಲ್ಲಿ ಅವಳಿಗೆ ನಿವೃತ್ತಿಯಾಯಿತು. ಅವಳ ಜಾಗಕ್ಕೆ ಪ್ರಾಂತದ ಪಟ್ಟಣದಿಂದ ಮಾರಲ್ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಮಾತು ಜಾಸ್ತಿ, ಕೆಲಸ ಚುರುಕು. ಬೆರಳಿನ ಭಾಷೆಯನ್ನು ಪಗ್ಮಾ ಅವಳಿಗೆ ಹೇಳಿಕೊಡಲಿಲ್ಲವೆಂದಲ್ಲ. ಒಂದು ಸಲ ಹೇಳಿದ್ದಳು, ಅದೂ ಸಿಡುಕುತ್ತ.

ಅದೇ ಚಳಿಗಾಲಕ್ಕೆ ಮೇಲಿಂದ ಆದೇಶ ಬಂತು. ಹಳ್ಳಿಗಾಡಿನ ಸೂಲಗಿತ್ತಿಯರೆಲ್ಲ ಹನ್ನೆರಡು ವಾರ ಆನ್‌ಲೈನ್ ಪಾಠ ಕೇಳಿ ಪರೀಕ್ಷೆ ಪಾಸು ಮಾಡಬೇಕು, ಇಲ್ಲವಾದರೆ ಪರವಾನಗಿ ರದ್ದು. ಆಸ್ಪತ್ರೆಯ ಡಾಕ್ಟರು ಸೋದ್ನೋಮ್ ಒಳ್ಳೆಯ ಮನುಷ್ಯ, ಆದರೆ ಮೇಲಿನವರು ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ. ಆದೇಶವನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಂಡ. ಪಗ್ಮಾಳ ಪರವಾನಗಿ ಹೋದರೆ ಊರಿನ ಬಸುರಿಯರನ್ನೆಲ್ಲ ಕಣಿವೆ ದಾಟಿಸಿ ನೂರಅರವತ್ತು ಕಿಲೋಮೀಟರ್ ದೂರದ ಪ್ರಾಂತದ ಆಸ್ಪತ್ರೆಗೆ ಸಾಗಿಸಬೇಕು. ಪಗ್ಮಾ ಮನೆಯಲ್ಲಿ ಕೂತು ಚಹಾ ಕಾಯಿಸಬೇಕು. ಸಾವಿಗೂ ಹೆದರದವಳು ಇದಕ್ಕೆ ಹೆದರಿದಳು. ಆ ಪರವಾನಗಿಯ ಹೊರಗೆ ತಾನು ಯಾರು ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಪಾಠ ಹೇಳುತ್ತಿದ್ದವಳು ನಾಮೂನ್. ಉಲಾನ್‌ಬಾತರಿನ ನರ್ಸಿಂಗ್ ಕಾಲೇಜಿನವಳು, ಇಪ್ಪತ್ತೊಂಬತ್ತು ವರ್ಷ, ಕಿವಿಗೆ ಬಿಳಿ ತಂತಿ, ಹಿಂದೆ ಪುಸ್ತಕದ ಕಪಾಟು. ಸಗಣಿ ಒಲೆಯ ಹೊಗೆಯಲ್ಲಿ ಒಂದು ಹೆರಿಗೆ ಮಾಡಿಸಿದ ಮುಖವಲ್ಲ ಎಂದು ಪಗ್ಮಾ ಮೊದಲ ನೋಟಕ್ಕೇ ತೀರ್ಪು ಕೊಟ್ಟಳು. ಪಾಠದ ಜೊತೆ ಪ್ರತಿ ಆಸ್ಪತ್ರೆಗೂ ಒಂದು ಬಟ್ಟೆಯ ಗೊಂಬೆ ಬಂದಿತ್ತು. ಅದರ ಹೊಟ್ಟೆಯಲ್ಲಿ ಕೆಂಪು ನೀರಿನ ಚೀಲ. ಗುಂಡಿ ತಿರುಗಿಸಿದರೆ ನೀರು ಸುರಿಯುತ್ತದೆ. ಆಗ ಸೂಲಗಿತ್ತಿ ಏನು ಮಾಡಬೇಕೋ ಮಾಡಿ, ಮಾಡುವುದನ್ನೆಲ್ಲ ಗಟ್ಟಿಯಾಗಿ ಹೇಳಿ, ವೀಡಿಯೊ ತೆಗೆದು ಕಳಿಸಬೇಕು. ಜೊತೆಗಿದ್ದವಳು ಕೇಳಿದ್ದನ್ನು ತಿರುಗಿ ಹೇಳಬೇಕು. ಪಗ್ಮಾ ಕಳಿಸಿದ ವೀಡಿಯೊದಲ್ಲಿ ಕೈಗಳು ಒಂದು ಚೂರೂ ತಪ್ಪಿರಲಿಲ್ಲ. ಸದ್ದು ಮಾತ್ರ ಇರಲಿಲ್ಲ.

"ಪಗ್ಮಕ್ಕ, ಕೈ ಸರಿಯಾಗೇ ಇದೆ. ಬಾಯಿ ಎಲ್ಲಿ?" ಅಂದಳು ನಾಮೂನ್, ಎಲ್ಲರ ಎದುರಿಗೇ. "ರಕ್ತ ಹೋಗ್ತಿದೆ ಅಂತ ಜೋರಾಗಿ ಹೇಳ್ಬೇಕು."

"ಯಾರಿಗೆ? ಗೊಂಬೆಗಾ?"

"ಜೊತೇಲಿರೋರಿಗೆ."

"ನಮ್ಮಲ್ಲಿ ಹೆರಿಗೆ ಕೋಣೇಲಿ ಸಾವನ್ನ ಕೂಗಿ ಕರೆಯಲ್ಲ, ಟೀಚರಮ್ಮ. ನಿಮ್ಮ ಪಟ್ಟಣದಲ್ಲಿ ಲಿಫ್ಟಲ್ಲೇ ಹೆರ್ತಾರಂತೆ, ಅಲ್ಲಿ ಹೇಗೋ ನಂಗೊತ್ತಿಲ್ಲ."

ಈ ಸಲ ಚೌಕಗಳಲ್ಲಿ ಕೆಲವರು ಮಾತ್ರ ನಕ್ಕರು. ನಾಮೂನ್ ಕಾಗದದ ಮೇಲೆ ಏನೋ ಗೀಚಿ, ತಲೆಯೆತ್ತದೆ ಹೇಳಿದಳು: "ಮಾತು ಕೇಳಿ ಸತ್ತ ತಾಯಿ ಯಾರೂ ನಂಗೆ ಗೊತ್ತಿಲ್ಲ, ಅಕ್ಕ. ಪಕ್ಕದೋರು ಮಾತಾಡದೆ ಸತ್ತೋರ ಪಟ್ಟಿ ಬೇಕಾದ್ರೆ ಕಳಿಸ್ತೀನಿ."

ಪಗ್ಮಾ ಮೊಬೈಲು ಆರಿಸಿದಳು. ಗಾಳಿಗೆ ಸಿಗ್ನಲ್ ಹೋಯಿತೆಂದು ಆಮೇಲೆ ಸುಳ್ಳು ಹೇಳಿದಳು. ಆ ವಾರದ ಅಂಕ ಸೊನ್ನೆ. ಮುಂದಿನ ವಾರವೂ ಸೊನ್ನೆ. ಅದೇ ಪಾಠಕ್ಕೆ ಸೇರಿದ್ದ ಮಾರಲ್‌ಗೆ ತೊಂಬತ್ತೆಂಟು ಬಂತು. ಅವಳು ಬಿಡುವಾದಾಗಲೆಲ್ಲ ಗೊಂಬೆಯ ಮುಂದೆ ನಿಂತು, ರಕ್ತ ಹೋಗ್ತಿದೆ, ಮದ್ದು ತನ್ನಿ, ಫೋನ್ ಮಾಡಿ ಎಂದು ಒದರುತ್ತಿದ್ದಳು. ಕೈಗಡಿಯಾರ ನೋಡಿ ನಿಮಿಷವನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಳು. ಪಗ್ಮಾ ಅವಳಿಗೆ ಗೊಂಬೆ ಸೂಲಗಿತ್ತಿ ಎಂದು ಹೆಸರಿಟ್ಟಳು. ಗೊಂಬೆ ಬಾಣಂತಿಗೆ ಸಾರು ಕುಡಿಸಿದೆಯಾ ಎಂದು ಬಂದವರ ಎದುರಿಗೆಲ್ಲ ಕೇಳಿದಳು. ಮಾರಲ್ ಮೊದಮೊದಲು ನಕ್ಕಳು, ಆಮೇಲೆ ನಗುವುದು ಬಿಟ್ಟಳು. ಇಬ್ಬರೂ ಒಂದೇ ಕೋಣೆಯಲ್ಲಿ ಬೆನ್ನು ತಿರುಗಿಸಿಕೊಂಡು ಕೆಲಸ ಮಾಡುವುದು ರೂಢಿಯಾಯಿತು.

ಜನವರಿಯಲ್ಲಿ ದೊಲ್ಗೋರ್ ಹೆರಿಗೆಗೆ ಬಂದಳು. ಇಪ್ಪತ್ತೊಂಬತ್ತರ ಹೆಂಗಸು, ನಾಲ್ಕನೆಯದು. ಮೊದಲ ಮೂರೂ ಪಗ್ಮಾಳ ಕೈಯಲ್ಲೇ ಆದವು. ಇನ್ನೂ ಎರಡು ಹೆತ್ತು ಅತ್ತೆಯ ಹಾಗೆ ಆರು ಮಕ್ಕಳ ತಾಯಿಯಾಗಿ ಸರ್ಕಾರದ ಪದಕ ತಗೋತೀನಿ ಎಂದು ನೋವಿನ ನಡುವೆಯೂ ತಮಾಷೆ ಮಾಡುತ್ತಿದ್ದಳು. ಡಾಕ್ಟರು ಸೋದ್ನೋಮ್ ಸಭೆಗೆಂದು ಪ್ರಾಂತದ ಪಟ್ಟಣಕ್ಕೆ ಹೋಗಿದ್ದ. ಹೊರಗೆ ಉಗುಳು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿ. ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಹೆಣ್ಣುಮಗು ಸಲೀಸಾಗಿ ಬಂತು. ಪಗ್ಮಾ ಬಳ್ಳಿ ಕತ್ತರಿಸಿದಳು. ಮಾರಲ್ ಬಾಣಂತಿಗೆ ಮೊದಲ ಸೂಜಿಮದ್ದು ಕೊಟ್ಟು, ಮಗುವನ್ನು ಎತ್ತಿಕೊಂಡು ಮೂಲೆಯ ಮೇಜಿಗೆ ಹೋಗಿ ತೂಕ ನೋಡುತ್ತ ನಿಂತಳು. ಮಾಸು ಬಿತ್ತು.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಐವತ್ತೆರಡಾಗಿದ್ದಾಗ ಪಗ್ಮಾ ರಕ್ತ ಕಂಡಳು. ಬಾಣಂತಿಗೆ ಎಷ್ಟು ಹೋಗುವುದು ಸಹಜ, ಎಷ್ಟು ಅಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಡಗೈಯಿಂದ ಹೊಟ್ಟೆ ಒತ್ತಿ ಹಿಡಿದಳು. ಬಲಗೈ ಮೇಲೆತ್ತಿ ಎರಡು ಬೆರಳು ತೋರಿಸಿದಳು. ತೋರಿಸಿದ್ದು ಮಾರಲ್‌ಳ ಬೆನ್ನಿಗೆ.

ದೊಲ್ಗೋರ್ ಕಣ್ಣು ತೆರೆದು ಪಗ್ಮಾಳನ್ನೇ ನೋಡುತ್ತಿದ್ದಳು. ಪಗ್ಮಾ ಮುಗುಳ್ನಕ್ಕಳು. ಕೆಮ್ಮಿದಳು. ಮಾರಲ್ ತಿರುಗಲಿಲ್ಲ, ಮಗುವಿನ ಪಾದದ ಗುರುತು ತೆಗೆಯುತ್ತಿದ್ದಳು. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಎಂದು ಪಗ್ಮಾ ಇನ್ನೂ ಬಲವಾಗಿ ಒತ್ತಿದಳು. ಮತ್ತೆ ಕೆಮ್ಮಿದಳು. ಮಾತು ಗಂಟಲಿಗೆ ಬಂತು, ನಾಲಗೆಗೆ ಬರಲಿಲ್ಲ. ಎರಡು ಬೆರಳು ಗಾಳಿಯಲ್ಲಿ ಹಾಗೆಯೇ ನಿಂತಿದ್ದವು. ಮಗುವನ್ನು ಸುತ್ತಿ ಮಾರಲ್ ತಿರುಗಿದಾಗ ನೆಲದ ಮೇಲೆ ಕೆಂಪಾಗಿತ್ತು, ಗಡಿಯಾರದಲ್ಲಿ ಹನ್ನೆರಡೂ ಐವತ್ತಾರು.

ಆಮೇಲೆ ಕೋಣೆ ಮಾರಲ್‌ಳದಾಯಿತು. ರಕ್ತ ಹೋಗ್ತಿದೆ ಎಂದು ಅವಳು ಹೇಳಿದ್ದು ಹೊರಗಿನ ಪಡಸಾಲೆಯವರೆಗೆ ಕೇಳಿಸಿತು. ಎರಡನೆಯ ಮದ್ದು ಚುಚ್ಚಿದಳು, ಸಲೈನು ಹಾಕಿದಳು, ಬಾಗಿಲಲ್ಲಿದ್ದ ಡ್ರೈವರಿಗೆ ಗಾಡಿ ಬಿಸಿ ಮಾಡಲು ಕೂಗಿದಳು, ಲಸಿಕೆ ಕೋಣೆಯ ಕಿಟಕಿಗೆ ಓಡಿ ಪ್ರಾಂತದ ಆಸ್ಪತ್ರೆಗೆ ಫೋನು ಮಾಡಿ ಅಂಗೈ ನೋಡಿಕೊಂಡು ಒಂದೊಂದೇ ನಿಮಿಷ ಒಪ್ಪಿಸಿದಳು. ಪಗ್ಮಾ ಒತ್ತಿದ ಕೈ ತೆಗೆಯದೆ ದಾರಿಯುದ್ದಕ್ಕೂ ಗಾಡಿಯಲ್ಲಿ ಮೊಣಕಾಲೂರಿ ಕೂತಿದ್ದಳು. ದೊಲ್ಗೋರ್ ಬದುಕಿದಳು. ಗರ್ಭಕೋಶ ತೆಗೆಯಬೇಕಾಯಿತು. ನಾಲ್ಕು ನಿಮಿಷ ಮೊದಲೇ ಮದ್ದು ಕೊಟ್ಟಿದ್ದರೆ ಅದು ಉಳಿಯುತ್ತಿತ್ತೋ ಇಲ್ಲವೋ, ಯಾವ ಡಾಕ್ಟರೂ ಹೇಳಲಾರ.

ಸೋದ್ನೋಮ್ ವರದಿ ಬರೆದ. ರಕ್ತ ಹೋಗುವುದು ಕಂಡದ್ದು ಹನ್ನೆರಡೂ ಐವತ್ತಾರು, ಮದ್ದು ಕೊಟ್ಟದ್ದು ಹನ್ನೆರಡೂ ಐವತ್ತಾರು. ಮಾರಲ್ ತನಗೆ ಗೊತ್ತಿದ್ದ ಹೊತ್ತನ್ನು ಹೇಳಿದ್ದಳು. ಐವತ್ತೆರಡು ಗೊತ್ತಿದ್ದದ್ದು ಪಗ್ಮಾ ಒಬ್ಬಳಿಗೆ. ಅವಳು ಸಹಿ ಹಾಕಿದಳು.

ಊರು ಮಾತ್ರ ತನ್ನದೇ ವರದಿ ಬರೆದುಕೊಂಡಿತು. ದೊಲ್ಗೋರ್‌ಳ ಅತ್ತೆ ಸುರೆನ್, ಅರವತ್ತೆಂಟರ ಗಟ್ಟಿ ಮುದುಕಿ, ಆ ದಿನ ಆಸ್ಪತ್ರೆಯ ಪಡಸಾಲೆಯಲ್ಲೇ ಕೂತಿದ್ದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು, ಮಗು ಅತ್ತದ್ದು ನನ್ನ ಕಿವಿಗೇ ಬಿತ್ತು, ಆಮೇಲೆ ಆ ಪಟ್ಟಣದ ಹುಡುಗಿ ರಕ್ತ ರಕ್ತ ಅಂತ ಕೂಗಿದಳು, ಕೂಗಿದ ಮೇಲೇ ರಕ್ತ ಹೋದದ್ದು ಎಂದು ಅವಳು ಮನೆಮನೆಗೆ ಹೇಳಿದಳು. ಪಗ್ಮಾಳ ಮನೆಗೆ ಗೌರವಕ್ಕೆ ಕೊಡುವ ನೀಲಿ ರೇಷ್ಮೆಯ ಪಟ್ಟಿ ಹಿಡಿದು ಬಂದು, ಕೊಬ್ಬಿನ ಬಾಲದ ಸಮೇತ ಬೇಯಿಸಿದ ಕುರಿಯ ಬೆನ್ನನ್ನು ಎರಡು ಕೈಯಲ್ಲೂ ಒಪ್ಪಿಸಿದಳು. ನಿನ್ನ ಕೈ ಇರಲಿಲ್ಲ ಅಂದ್ರೆ ನನ್ನ ಸೊಸೆ ಇರ್ತಿರಲಿಲ್ಲ ಅಂದಳು. ಪಗ್ಮಾ ತಗೊಂಡಳು. ಹೊರಗಿನ ಗೂಡಿನಲ್ಲಿಟ್ಟ ಆ ಮಾಂಸ ಚಳಿಗೆ ಕಲ್ಲಾಯಿತು. ಅದಕ್ಕೆ ಚಾಕು ಹಾಕಲು ಅವಳಿಗೆ ಮನಸ್ಸು ಬರಲಿಲ್ಲ, ಬಿಸಾಡಲು ಧೈರ್ಯವೂ ಬರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಊರಿನ ಸಿಟ್ಟೆಲ್ಲ ಮಾರಲ್ ಮೇಲೆ ತಿರುಗಿತು. ಬಸುರಿಯರು ಅವಳು ಮುಟ್ಟಿದರೆ ಕೈ ಕೊಡವಿದರು. ಅಂಗಡಿಯಲ್ಲಿ ಅವಳು ಹೊಕ್ಕರೆ ಮಾತು ನಿಲ್ಲುತ್ತಿತ್ತು. ಯಾರೋ ಅವಳ ಬಾಗಿಲ ಮುಂದೆ ಬೂದಿ ಸುರಿದು ಹೋದರು. ಆ ಹುಡುಗಿ ಪಗ್ಮಾಳ ಕಡೆ ಒಂದೆರಡು ಸಲ ನೋಡಿದಳು, ಒಂದು ಮಾತು ಹೇಳುತ್ತಾಳೇನೋ ಎಂದು. ಪಗ್ಮಾ ಹತ್ತಿ ಸುತ್ತುತ್ತ ಕೂತಳು. ಮೂರನೆಯ ವಾರ ಮಾರಲ್ ವರ್ಗಾವಣೆಗೆ ಅರ್ಜಿ ಬರೆದಳು.

ಆ ಅರ್ಜಿ ಪಗ್ಮಾಳ ಕಣ್ಣಿಗೆ ಬಿದ್ದದ್ದು ಪರೀಕ್ಷೆಯ ದಿನ ಬೆಳಿಗ್ಗೆ, ಸೋದ್ನೋಮ್‌ನ ಮೇಜಿನ ಮೇಲೆ. ಕಾರಣದ ಜಾಗದಲ್ಲಿ ಮಾರಲ್, ನನ್ನ ಬಾಯಿ ಕೆಟ್ಟದ್ದು ಎಂದು ಊರವರು ಹೇಳುತ್ತಾರೆ ಎಂದಷ್ಟೇ ಬರೆದಿದ್ದಳು. ಪಗ್ಮಾ ಓದಿ ಕಾಗದವನ್ನು ಇದ್ದಲ್ಲೇ ಇಟ್ಟಳು.

ಮೂರು ಗಂಟೆಗೆ ಪರೀಕ್ಷೆ. ಈ ಸಲ ವೀಡಿಯೊ ಕಳಿಸುವಂತಿರಲಿಲ್ಲ, ಎಲ್ಲರ ಎದುರು ಆಗಲೇ ಮಾಡಿ ತೋರಿಸಬೇಕು. ಅದೇ ದಿನ ಲಸಿಕೆಯ ದಿನವೂ ಆಗಿತ್ತು. ಪಡಸಾಲೆಯ ತುಂಬ ಮಕ್ಕಳನ್ನು ಕಟ್ಟಿಕೊಂಡ ಹೆಂಗಸರು, ಅವರ ನಡುವೆ ದೊಲ್ಗೋರ್‌ಳ ಮೂರನೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡ ಸುರೆನ್. ಕೋಣೆಗಳನ್ನು ಬೆಚ್ಚಗಿಡುವ ಒಲೆ ಇದ್ದದ್ದು ಪಡಸಾಲೆಯಲ್ಲಿ, ಆದ್ದರಿಂದ ಕೋಣೆಯ ಬಾಗಿಲು ಮುಚ್ಚುವಂತಿರಲಿಲ್ಲ. ಮಾರಲ್ ಜೊತೆಗಾತಿಯಾಗಿ ಪಕ್ಕಕ್ಕೆ ಬಂದು ನಿಂತಳು. ಅವಳಿಗೆ ಈ ಕೆಲಸ ಒಪ್ಪಿಸಿದ್ದು ಸೋದ್ನೋಮ್, ಅವಳೇನು ಒಲಿದು ಬಂದಿರಲಿಲ್ಲ.

ಪಗ್ಮಾ ಗುಂಡಿ ತಿರುಗಿಸಿದಳು. ಕೆಂಪು ನೀರು ಹರಿಯಿತು. ಕೈ ತನ್ನ ಪಾಡಿಗೆ ಹೊಟ್ಟೆಯ ಮೇಲೆ ಹೋಯಿತು. ಪರದೆಯ ಮೇಲೆ ನಾಮೂನ್ ಮುಂದಕ್ಕೆ ಬಾಗಿದಳು.

"ರಕ್ತ ಹೋಗ್ತಿದೆ," ಅಂದಳು ಪಗ್ಮಾ. ದನಿ ಒರಟಾಗಿ ಬಂತು. "ಮಾರಲ್, ಎರಡನೇ ಸೂಜಿಮದ್ದು ಕೊಡು."

ರಕ್ತ ಹೋಗ್ತಿದೆ, ಎರಡನೇ ಸೂಜಿಮದ್ದು ಕೊಡ್ತೀನಿ ಎಂದು ಮಾರಲ್ ಒಣದನಿಯಲ್ಲಿ ತಿರುಗಿ ಹೇಳಿದಳು. ಪಡಸಾಲೆಯಲ್ಲಿ ಯಾರೋ ಬಿಡ್ತು, ಬಿಡ್ತು ಅಂದರು. ನಾಮೂನ್‌ಳ ಮುಖದಲ್ಲಿ ಗೆದ್ದ ಕಳೆ. ಅದನ್ನು ಕಂಡು ಪಗ್ಮಾಳ ಮೈಯೆಲ್ಲ ಉರಿಯಿತು. ಪಾಸಾಗಲು ಇನ್ನೊಂದೇ ಪ್ರಶ್ನೆ ಉಳಿದಿತ್ತು.

"ಎಷ್ಟು ಗಂಟೆಗೆ ಕಂಡಿರಿ, ಅಕ್ಕ? ಹೊತ್ತು ಹೇಳ್ಬೇಕು."

"ಹನ್ನೆರಡೂ ಐವತ್ತೆರಡು."

"ಈಗ ಮೂರೂಕಾಲು."

"ಗೊಂಬೆ ಮಾತಲ್ಲ ಇದು. ಜನವರೀಲಿ ನಮ್ಮ ದೊಲ್ಗೋರ್ ಹೆರಿಗೆ ಮಾತು. ವರದೀಲಿ ಐವತ್ತಾರು ಅಂತಿದೆ. ಸುಳ್ಳು. ನಾನು ಕಂಡಿದ್ದು ಐವತ್ತೆರಡಕ್ಕೆ."

ನಾಮೂನ್‌ಳ ಕೈ ಕಿವಿಯ ತಂತಿಗೆ ಹೋಯಿತು. ಅವಳ ದನಿ ಮೊದಲ ಬಾರಿಗೆ ತಗ್ಗಿತು. "ಪಗ್ಮಕ್ಕ, ಇದೆಲ್ಲ ರೆಕಾರ್ಡ್ ಆಗ್ತಿದೆ. ನಾನಿದನ್ನ ಮೇಲಕ್ಕೆ ಕಳಿಸ್ಲೇಬೇಕಾಗುತ್ತೆ. ನಿಮ್ಮ ಪರವಾನಗಿ ಹೋಗುತ್ತೆ. ಈಗ ನಿಲ್ಲಿಸ್ಲಾ?"

"ಯಾಕೆ ನಿಲ್ಲಿಸ್ತೀಯಾ? ಹತ್ತು ವಾರದಿಂದ ಬಾಯಿ ಬಿಡು, ಬಾಯಿ ಬಿಡು ಅಂತ ನನ್ನ ಪ್ರಾಣ ತಿಂದವಳು ನೀನೇ. ಈಗ ಕೇಳು." ಪಗ್ಮಾ ಮೊಬೈಲಿನ ಕಡೆ ನೋಡುತ್ತಿರಲಿಲ್ಲ, ತೆರೆದ ಬಾಗಿಲಿನ ಕಡೆ ನೋಡುತ್ತಿದ್ದಳು. "ರಕ್ತ ಹೋಗೋಕೆ ಶುರುವಾದಾಗ ಈ ಹುಡುಗಿ ಬೆನ್ನು ತಿರುಗಿಸಿ ಮಗು ನೋಡ್ಕೋತಿದ್ಲು. ನಾನು ಕರೀಲಿಲ್ಲ. ಬೆನ್ನಿಗೆ ಬೆರಳು ತೋರಿಸ್ತಾ ನಾಲ್ಕು ನಿಮಿಷ ನಿಂತೆ. ಅವಳು ತಾನೇ ನೋಡಿ ಕೂಗಿದ್ಲು. ಅವಳು ಕೂಗಿದ್ದಕ್ಕೆ ದೊಲ್ಗೋರ್ ಉಳಿದ್ಲು."

ಪರೀಕ್ಷೆ ಮುಗಿಯಿತು ಅಂದಳು ನಾಮೂನ್. ಪರದೆ ಕಪ್ಪಾಯಿತು.

ಸುರೆನ್ ಮಗುವನ್ನು ಪಕ್ಕದವಳ ಮಡಿಲಿಗೆ ಹಾಕಿ ಎದ್ದು ಬಂದಳು. ಬಾಗಿಲಿನ ಹೊಸ್ತಿಲಾಚೆಯೇ ನಿಂತಳು. ಬೈಯುತ್ತಾಳೆಂದು ಪಗ್ಮಾ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಯಾಕೆ ಕರೀಲಿಲ್ಲ?" ಅಂದಳು ಮುದುಕಿ.

ಕಟ್ಟಳೆ, ಸಾವಿನ ಮಾತು, ಗೋಡೆಗೆ ಮುಖ ತಿರುಗಿಸಿದ ಆ ಹೆಂಗಸು, ಹೇಳಲು ಎಲ್ಲವೂ ತಯಾರಿತ್ತು. ಮೂವತ್ತೊಂದು ವರ್ಷ ಹೇಳಿದ್ದೂ ಅದನ್ನೇ.

"ಹೆದರಿದ್ದೆ," ಅಂದಳು ಪಗ್ಮಾ. "ನನ್ನ ಕೈಯಲ್ಲೂ ಹೀಗಾಗುತ್ತೆ ಅಂತ ಬಾಯಿಬಿಟ್ಟು ಹೇಳೋಕೆ ಹೆದರಿದ್ದೆ."

ಸುರೆನ್ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ನೆಲಕ್ಕೆ ಉಗಿಯಲು ಬಾಯಿ ಮುಂದೆ ಮಾಡಿ, ಆಸ್ಪತ್ರೆ ಎಂಬುದು ನೆನಪಾಗಿ ನುಂಗಿಕೊಂಡಳು. ಮಗುವನ್ನು ಎತ್ತಿಕೊಂಡು ಲಸಿಕೆ ಹಾಕಿಸದೆ ಹೊರಟುಹೋದಳು. ಅವಳ ಹಿಂದೆ ಇನ್ನೂ ಇಬ್ಬರು ಹೋದರು. ಉಳಿದವರು ಪಗ್ಮಾಳ ಕಡೆ ನೋಡಲಿಲ್ಲ.

ಹನ್ನೊಂದು ದಿನಕ್ಕೆ ಎರಡು ಕಾಗದ ಬಂದವು, ಒಂದೇ ಲಕೋಟೆಯಲ್ಲಿ. ಒಂದರಲ್ಲಿ ಪಗ್ಮಾ ಪಾಠದಲ್ಲಿ ತೇರ್ಗಡೆಯಾಗಿದ್ದಾಳೆ, ಸ್ಪಷ್ಟವಾಗಿ ತಿಳಿಸುವ ವಿಭಾಗದಲ್ಲಿ ನೂರಕ್ಕೆ ನೂರು ಎಂದಿತ್ತು. ಇನ್ನೊಂದರಲ್ಲಿ ವಿಚಾರಣೆಗಾಗಿ ಒಂದು ವರ್ಷಕಾಲ ಅವಳ ಪರವಾನಗಿ ತಡೆಹಿಡಿದಿದೆ ಎಂದಿತ್ತು. ಒಂದು ವರ್ಷದ ಆಚೆ ಅವಳಿಗೆ ನಿವೃತ್ತಿ. ಸೋದ್ನೋಮ್ ಎರಡನ್ನೂ ಓದಿ ಹೇಳಿ, ಕನ್ನಡಕ ಒರೆಸಿಕೊಳ್ಳುತ್ತ, ಮಾರಲ್ ವರ್ಗಾವಣೆಯ ಅರ್ಜಿ ವಾಪಸು ತಗೊಂಡಿದ್ದಾಳೆ ಎಂದು ಸೇರಿಸಿದ. ಬಸುರಿಯರು ಈಗ ಅವಳನ್ನೇ ಕೇಳಿಕೊಂಡು ಬರುತ್ತಿದ್ದಾರಂತೆ.

ಪಗ್ಮಾ ಹೆರಿಗೆ ಕೋಣೆಗೆ ಹೋಗಿ ತನ್ನ ಚಪ್ಪಲಿ, ಚಹಾದ ಬಟ್ಟಲು ಚೀಲಕ್ಕೆ ತುಂಬಿದಳು. ಮಾರಲ್ ಕತ್ತರಿಗಳನ್ನು ಕುದಿಸುತ್ತಿದ್ದಳು. ಒಂದು ಮಾತು ಆಡಿಯಾಳೇ ಎಂದು ಈಗ ಕಾಯುವ ಸರದಿ ಪಗ್ಮಾಳದಾಗಿತ್ತು. ತನ್ನ ಪರವಾನಗಿ ಕೊಟ್ಟು ಈ ಹುಡುಗಿಯ ಹೆಸರು ಉಳಿಸಿದ್ದೇನೆ ಎಂಬ ಲೆಕ್ಕ ಅವಳ ಮನಸ್ಸಿನಲ್ಲಿ ಇರಲಿಲ್ಲ ಅನ್ನಲಾಗದು.

"ನನ್ನಿಂದ ಥ್ಯಾಂಕ್ಸ್ ಬೇಕಾ, ಪಗ್ಮಕ್ಕ?" ಅಂದಳು ಮಾರಲ್, ಕುದಿಯುವ ನೀರಿನಿಂದ ಕಣ್ಣೆತ್ತದೆ. "ಅವತ್ತು ನಲವತ್ತು ಜನರೆದುರು ಅಷ್ಟೊಂದು ಹೇಳಿದ್ರಿ. ಜನವರೀಲಿ ನನ್ನೊಬ್ಬಳನ್ನ ಹೆಸರು ಹಿಡಿದು ಕರೆದಿದ್ರೆ ಸಾಕಿತ್ತು."

ಪಗ್ಮಾ ಚೀಲದ ಬಾಯಿ ಕಟ್ಟಿದಳು.